ಹವಳದ ಪಕ್ಕದಲ್ಲಿ ಬಿಡಾರ ಹೂಡಿದ ಅನಿಮೋನ್ ಅವರಿಗೆ

ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ, ಎಡಗಡೆ ಬಂಡೆಯ ಮೂರನೇ ಸಂದಿಯಲ್ಲಿ, ಉಪ್ಪುನೀರು ಮತ್ತು ದೀಪದ ಸಕಲ ಸೌಕರ್ಯಗಳೊಂದಿಗೆ ವಾಸವಾಗಿದ್ದ, ಹೂವಿನ ವೇಷದ ಕಡಲಜೀವಿ ಶ್ರೀಮಾನ್ ಕಂದು ಅನಿಮೋನ್ ಅವರ ಸನ್ನಿಧಾನಕ್ಕೆ,

ಮಾನ್ಯರೇ,

ಮದುವೆಯಾಗಿ ಇನ್ನೂ ಮೂರು ತಿಂಗಳು ತುಂಬದ ಈ ಮನೆಯ ಸೊಸೆ ಮಾಡುವ ನಮಸ್ಕಾರಗಳು. ತಮ್ಮ ಕ್ಷೇಮವನ್ನು ವಿಚಾರಿಸುವ ಅಗತ್ಯವಿಲ್ಲ. ಬಂದಾಗ ಒಬ್ಬರೇ ಇದ್ದವರು ಕೆಲವೇ ದಿನಗಳಲ್ಲಿ ಹನ್ನೊಂದು ಮಂದಿಯಾದದ್ದು ಗಾಜಿನಾಚೆಯಿಂದಲೇ ಕಂಡಿದೆ. ನಾವು ಮಾತ್ರ ಇನ್ನೂ ಇಬ್ಬರೇ ಇದ್ದೇವೆಂದು ನಮ್ಮತ್ತೆ ತಮ್ಮನ್ನು ತೋರಿಸಿ ತೋರಿಸಿ ನೆನಪಿಸುತ್ತಿರುತ್ತಾರೆ.

ನನ್ನವನು ಹಲ್ಲಿನ ಡಾಕ್ಟರು. ಆರು ವರ್ಷದ ಹಿಂದೆ ಉಗುರಿನಷ್ಟಿದ್ದ ಒಂದು ಜೀವಂತ ಹವಳದ ಚೂರನ್ನು ಬಂಡೆಗೆ ಅಂಟಿಸಿ, ಅಂಗೈಯಗಲ ಬೆಳೆಸಿದ್ದಾನೆ. ನಾನು ಈ ಮನೆಗೆ ಕಾಲಿಟ್ಟ ದಿನ ಮೊದಲು ಹವಳಕ್ಕೆ ನನ್ನ ಪರಿಚಯ ಮಾಡಿಸಿ, ಆಮೇಲೆ ಅತ್ತೆಯ ಕಡೆಗೆ ತಿರುಗಿಸಿದ. ಹಸಿರು ತುದಿಯ ನೂರು ಬೆರಳುಗಳನ್ನು ನೀರಲ್ಲಿ ಆಡಿಸುತ್ತಿದ್ದ ಆ ಹವಳವನ್ನು ನನ್ನ ಕೈಗೊಪ್ಪಿಸಿ ಅವನು ಹನ್ನೆರಡು ದಿನದ ತರಬೇತಿಗೆಂದು ಪರಊರಿಗೆ ಹೋದಾಗ, ಯಾರಾದರೂ ಕಿರೀಟ ತೊಡಿಸಿದ್ದರೂ ನನಗೆ ಅಷ್ಟು ಹೆಮ್ಮೆಯಾಗುತ್ತಿರಲಿಲ್ಲ.

ನಾಲ್ಕನೇ ದಿನ ತಾವು ದರ್ಶನ ಕೊಟ್ಟಿರಿ. ಹವಳದ ಬುಡದಲ್ಲಿ, ಪುಟ್ಟದಾಗಿ, ಎಳೆ ಎಳೆಯಾಗಿ ನಿಂತಿದ್ದ ತಮ್ಮನ್ನು ಹವಳದ ಮರಿಯೆಂದು ತಿಳಿದು ನಾನು ಕುಣಿದಾಡಿದ್ದು ಸುಳ್ಳಲ್ಲ. ಫೋಟೋ ತೆಗೆದು ನನ್ನವನಿಗೆ ಕಳಿಸಿದೆ. ‘ಮುದ್ದಾಗಿದೆ’ ಎಂದು ಉತ್ತರ ಬಂತು. ಅಷ್ಟು ಸಾಕಾಯಿತು, ದಿನಕ್ಕೆರಡು ಸಲ ಸಿಗಡಿಯನ್ನು ನುಣ್ಣಗೆ ಅರೆದು, ಡ್ರಾಪರಿನಲ್ಲಿ ತಮ್ಮ ಬಾಯಿಗೇ ತುತ್ತಿಟ್ಟೆ. ಹಿಂದೆ ನಿಂತು ನೋಡುತ್ತಿದ್ದ ಅತ್ತೆ ಆಗಲೇ ಹೇಳಿದ್ದರು: “ಯಾರು ಏನು ಅಂತ ವಿಚಾರಿಸ್ದೆ ಊಟಕ್ಕೆ ಕೂರಿಸ್ತೀಯಲ್ಲೇ ಹುಡುಗಿ. ನಿನ್ನ ತಂದ್ಕೊಳ್ಳೋವಾಗ ನಾವು ಮೂರು ಕಡೆ ವಿಚಾರಿಸಿದ್ವಿ.”

ಉಂಡ ಮನೆಗೆ ತಾವು ಎಷ್ಟು ನಿಷ್ಠೆಯಿಂದ ನಡೆದುಕೊಂಡಿರೆಂದರೆ, ವಾರದೊಳಗೆ ತಮ್ಮ ಪಕ್ಕಕ್ಕಿದ್ದ ಅರ್ಧ ಹವಳವೆಲ್ಲ ತಮ್ಮ ಕುಟುಕಿಗೆ ಮುದುರಿ, ಒಳಗಿನ ಬಿಳಿ ಎಲುಬು ಕಾಣತೊಡಗಿತು. ಆಗ ಪುಸ್ತಕ ತೆರೆದೆ. ಅನಿಮೋನ್ ಲಕ್ಷಣ: ಕಂದು ಬಣ್ಣದ ಪಾರದರ್ಶಕ ದೇಟು, ತುದಿ ಚೂಪಾದ ತೆಳು ಎಳೆಗಳು, ನಟ್ಟನಡುವೆ ಬಾಯಿ. ಅನುಮಾನವಿದ್ದರೆ ಕಡ್ಡಿ ತೋರಿಸಿ ನೋಡಿ ಎಂದೂ ಬರೆದಿತ್ತು. ಹವಳಕ್ಕೆ ಕಡ್ಡಿ ತೋರಿಸಿದರೆ ಮುನಿಸಿಕೊಂಡವರಂತೆ ನಿಧಾನಕ್ಕೆ ಮುದುರಿಕೊಂಡಿತು. ತಾವಾದರೋ ರೆಪ್ಪೆ ಬಡಿಯುವುದರೊಳಗೆ ಸಂದಿಯಲ್ಲಿ ಮಾಯ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂಬ ಗಾದೆಗೆ ಇಷ್ಟು ಸ್ಪಷ್ಟವಾದ ಉದಾಹರಣೆಯನ್ನು ನನ್ನ ಇಂಗ್ಲಿಷ್ ಶಾಲೆಯಲ್ಲಿ ಯಾರೂ ಕೊಟ್ಟಿರಲಿಲ್ಲ.

ಸಿಟ್ಟಿನಲ್ಲಿ ಹುಬ್ಬು ಕೀಳುವ ಚಿಮುಟದಿಂದ ತಮ್ಮನ್ನು ಹಿಡಿದೆಳೆದದ್ದು ನನ್ನ ತಪ್ಪು. ತಾವು ಹರಿದಿರಿ, ಚೂರುಗಳು ತೇಲಿದವು, ಒಂದೊಂದು ಚೂರೂ ಒಂದೊಂದು ಬಂಡೆಯಲ್ಲಿ ಬೇರೆ ಸಂಸಾರ ಹೂಡಿತು. ಕಳೆಯುವ ಲೆಕ್ಕ ಮಾಡಲು ಹೋದವಳಿಗೆ ಗುಣಾಕಾರ ಕಲಿಸಿದ ಗುರುಗಳು ತಾವು.

ನನ್ನವನು ಊರಿಂದ ಬಂದು, ಹೆಗಲ ಚೀಲ ಇಳಿಸದೆ ತೊಟ್ಟಿಯ ಮುಂದೆ ನಿಂತ. ಕಿವಿ ಕೆಂಪಾಯಿತು. “ಫೋಟೋ ನೋಡಿದ ಕೂಡ್ಲೇ ಗೊತ್ತಾಯ್ತು ಕಣೇ. ಆದ್ರೆ ನೀನು ಅಷ್ಟು ಖುಷಿಯಾಗಿದ್ದೆ, ಹೇಳೋಕೆ ಬಾಯೇ ಬರ್ಲಿಲ್ಲ” ಅಂದ. ದಿನಕ್ಕೆ ಇಪ್ಪತ್ತು ಜನರ ಮುಖಕ್ಕೇ ‘ಈ ಹಲ್ಲು ಉಳಿಯಲ್ಲ’ ಎನ್ನುವ ಮನುಷ್ಯ, ನನ್ನ ಒಂದು ಫೋಟೋದ ಮುಂದೆ ಆರು ವರ್ಷದ ಹವಳವನ್ನು ಬಿಟ್ಟುಕೊಟ್ಟಿದ್ದ. ಬೈಯಬೇಕೋ ಅಪ್ಪಿಕೊಳ್ಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ.

ಅಂದಿನಿಂದ ತಮ್ಮ ಸೇವೆ ಕ್ರಮಬದ್ಧವಾಗಿ ನಡೆಯುತ್ತಿದೆ. ಪಂಪು ನಿಲ್ಲಿಸಿ, ನೀರು ಅಲುಗದಂತಾದ ಮೇಲೆ, ಸೊಟ್ಟ ಮೂತಿಯ ಸಿರಿಂಜಿನಿಂದ ಅವನು ತಮ್ಮ ಬಾಯಿ ಮುಚ್ಚುವಷ್ಟು ಸುಣ್ಣದ ಗಟ್ಟಿ ಪೇಸ್ಟನ್ನು ಇಡುತ್ತಾನೆ. ನಾನು ಟಾರ್ಚು ಹಿಡಿಯುತ್ತೇನೆ. ಒಟ್ಟಿಗೇ ಎಲ್ಲರಿಗೂ ಕೊಟ್ಟರೆ ನೀರಿನ ಹದ ಕೆಡುತ್ತದಾದ್ದರಿಂದ ದಿನಕ್ಕೆ ಮೂವರಿಗೆ ಮಾತ್ರ ಅವಕಾಶ. ದಯಮಾಡಿ ನೂಕುನುಗ್ಗಲು ಮಾಡದೆ ಸರದಿಯಲ್ಲಿ ನಿಲ್ಲಬೇಕು, ಟಾರ್ಚು ಕಂಡೊಡನೆ ಒಳಗೆ ನುಗ್ಗದೆ ಬಾಯಿ ಅಗಲಿಸಬೇಕು. ಅವನಿಗೆ ‘ಆ’ ಅನ್ನುವವರೇ ರೂಢಿ.

ಹವಳದ ಬುಡಕ್ಕೇ ಒರಗಿರುವ ಹಿರಿಯರಾದ ತಮಗೆ ಮಾತ್ರ ಸುಣ್ಣ ಕೊಡುವಂತಿರಲಿಲ್ಲ, ಕೊಟ್ಟರೆ ಹವಳವೂ ಸುಡುತ್ತಿತ್ತು. ಆದ್ದರಿಂದ ನಿನ್ನೆ ಬಂಡೆಯನ್ನೇ ಹೊರತೆಗೆದು, ಹವಳದ ಆರೋಗ್ಯವಂತ ಅರ್ಧವನ್ನು ಅವನು ಗರಗಸದಿಂದ ಕೊಯ್ದ. ರೋಗಿಗಳ ಹಲ್ಲನ್ನು ಒಂದೇ ಸಲಕ್ಕೆ ಕೀಳುವವನು ಇಲ್ಲಿ ಗರಗಸವನ್ನು ಮೂರು ಸಲ ಇಟ್ಟು ಮೂರು ಸಲ ಎತ್ತಿದ. ನಾನು ಅವನ ಮಣಿಕಟ್ಟು ಹಿಡಿದುಕೊಂಡೆ. ಹೊಸ ಕಲ್ಲಿಗೆ ಅಂಟಿಸಿದ ಆ ಅರ್ಧ ರಾತ್ರಿಯೆಲ್ಲ ಮುಷ್ಟಿ ಕಟ್ಟಿಕೊಂಡಿತ್ತು. ಇವತ್ತು ಬೆಳಿಗ್ಗೆ ಏಳು ಹಸಿರು ಬೆರಳುಗಳು ಹೊರಬಂದಿವೆ. ಇಬ್ಬರೂ ಬೇರೆ ಬೇರೆಯಾಗಿ ಎಣಿಸಿದೆವು, ಏಳೇ.

ಹಳೆಯ ಬಂಡೆಯನ್ನು ಪೂರ್ತಿಯಾಗಿ ತಮಗೇ ಬಿಟ್ಟುಕೊಟ್ಟಿದ್ದೇವೆ. ಹಿತ್ತಿಲ ಬಕೆಟ್ಟಿನಲ್ಲಿ, ಒಣ ಬಿಸಿಲಿನಲ್ಲಿ, ನೀರಿನ ಕಿರಿಕಿರಿಯಿಲ್ಲದೆ ಇಷ್ಟಬಂದಷ್ಟು ದಿನ ಇರಬಹುದು.

ಇಂತಿ, ತಮಗೆ ಆರು ದಿನ ಕೈತುತ್ತಿಟ್ಟ,
ತಮ್ಮ ವಿಶ್ವಾಸಿ,
ಹಲ್ಲಿನ ಡಾಕ್ಟರ ಹೆಂಡತಿ

ತಾ.ಕ.: ನನ್ನ ಖುಷಿಗೆಂದು ಈ ಮೂರು ತಿಂಗಳಲ್ಲಿ ಇನ್ನೇನೇನು ಬಾಯಿಬಿಟ್ಟು ಹೇಳಿಲ್ಲವೋ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಡು ಎಂದು ನನ್ನವನನ್ನು ಕೇಳಿದ್ದೇನೆ. ಈಗಷ್ಟೇ ಬಂದು ಇನ್ನೆರಡು ಹಾಳೆ ಇಸಿದುಕೊಂಡು ಹೋದ. ತಮ್ಮ ಸಂಸಾರದಲ್ಲಿ ಉಳಿದ ಇಬ್ಬರು ಸದ್ಯಕ್ಕೆ ನಿಶ್ಚಿಂತೆಯಿಂದ ಇರಬಹುದು. ಇವತ್ತಿನ ಸರದಿ ಬೇರೆಯವರದು.