ಎಳೆ ಚುಕ್ಕಿಯ ನೀರು, ದಿಬ್ಬದ ಮೇಲಿನ ಪಾಳಿ

ಅಣಶಿ ಹತ್ತಿರದ ಆ ಊರಿನಲ್ಲಿ ಮೊಬೈಲಿಗೆ ನೆಟ್‌ವರ್ಕ್ ಸಿಗುವುದು ದಿಬ್ಬದ ಮೇಲೆ ಮಾತ್ರ. ಅಂಕುಶನ ಎಡವಟ್ಟು ಶುರುವಾದದ್ದೇ ಅಲ್ಲಿಂದ. ಹಳ್ಳಿ ಹಳ್ಳಿ ತಿರುಗಿ ಜನರಿಗೆ ಆಕಾಶದ ವಿಷಯ ತಿಳಿಸುವ ಸಂಸ್ಥೆಯೊಂದು ಅವನನ್ನು ವಿಡಿಯೊ ಸಂದರ್ಶನಕ್ಕೆ ಕರೆದಿತ್ತು. ಎಂಎಸ್ಸಿ ಮುಗಿಸಿ ಎರಡು ವರ್ಷ ಖಾಲಿ ಕೂತವನಿಗೆ ಈ ಕೆಲಸ ಸಿಗಲೇಬೇಕಿತ್ತು.

ಎಂಟು ದಿನ ಅವನು ಅಂಗಳದಲ್ಲಿ ಓಡಾಡುತ್ತ ಎಳೆ ನಕ್ಷತ್ರದ ಸುತ್ತ ತಿರುಗುವ ಅನಿಲದ ತಟ್ಟೆ, ಅದರೊಳಗಿನ ನೀರಾವಿ ಹೊಮ್ಮಿಸುವ ಮೇಸರ್ ಎಂಬ ರೇಡಿಯೊ ಅಲೆ, ಎಲ್ಲವನ್ನೂ ಉರುಹೊಡೆದ. ಪಕ್ಕದ ಮನೆಯ ಗಿರಿಜಾಬಾಯಿ ಬೇಲಿಗೆ ನಿಂತು, ಅಲ್ಲಿಗೆ ನೀರು ಹೇಗೆ ಬಂತು, ಅಷ್ಟು ದೂರದ ಹಬೆ ಇಲ್ಲಿಗೆ ಹೇಗೆ ಗೊತ್ತಾಗುತ್ತದೆ ಎಂದು ತಲೆ ತಿಂದಳು. ಕಾಟ ತಪ್ಪಿದರೆ ಸಾಕೆಂದು ಅಂಕುಶ ಎಲ್ಲಕ್ಕೂ ಉತ್ತರ ಹೇಳಿದ್ದ.

ಆ ದಿನ ಇಸ್ತ್ರಿ ಅಂಗಿ ತೊಟ್ಟು ದಿಬ್ಬ ಹತ್ತಿದರೆ ಅಲ್ಲಿ ಊರಿಗೆ ಊರೇ ಪಾಳಿ ಹಚ್ಚಿ ಸಾಲಾಗಿ ನಿಂತಿತ್ತು. ಹೆಬ್ಬೆಟ್ಟು ಒತ್ತದೆ ರೇಷನ್ ಅಕ್ಕಿ ಇಲ್ಲ, ನೆಟ್‌ವರ್ಕ್ ಇಲ್ಲದೆ ರೇಷನ್ ಅಂಗಡಿಯ ಜ್ಯೋತಿಬಾನ ಯಂತ್ರ ಹೆಬ್ಬೆಟ್ಟು ಒಪ್ಪುವುದಿಲ್ಲ; ಅದಕ್ಕೇ ಅವನು ಅದನ್ನು ದಿಬ್ಬಕ್ಕೆ ತಂದಿದ್ದ. ಸ್ವಲ್ಪ ಹೊತ್ತು ಗದ್ದಲ ಮಾಡಬೇಡಿ ಎಂದು ಅಂಕುಶ ಕೈಮುಗಿದ. ಜನ ಸುಮ್ಮನಾದರು, ಆದರೆ ಸಂದರ್ಶನ ನೋಡಲು ಅವನ ಬೆನ್ನಿಗೇ ಬಂದು ನಿಂತರು.

ಮೇಸರ್ ಅಂದರೇನು, ಹಳ್ಳಿಯವರಿಗೆ ಹೇಳುವಂತೆ ಹೇಳಿ ಎಂದರು ಪರದೆಯಲ್ಲಿದ್ದ ಮೇಡಂ. ನಲವತ್ತು ಜನರ ಉಸಿರು ಬೆನ್ನಿಗೆ ತಾಗುತ್ತಿರುವಾಗ ಅಂಕುಶನ ಬಾಯಿಗೆ ಬಂದದ್ದು ಪುಸ್ತಕದ ಒಂದು ಇಂಗ್ಲಿಷ್ ಸಾಲು, ಅದೂ ಅರ್ಧ.

ಗಿರಿಜಾಬಾಯಿಗೆ ತಡೆಯಲಾಗಲಿಲ್ಲ. ಅವನ ಭುಜದ ಮೇಲಿಂದ ಮುಖ ತೂರಿಸಿದಳು.

“ಈ ಪಾಳಿ ನೋಡ್ರಿ, ಬಾಯಾರ. ಮುಂಜಾನಿಂದ ಕಾದು ಕಾದು ಎಲ್ಲಾರಿಗೂ ಸಿಟ್ಟು ತುಂಬೇತಿ. ಒಬ್ಬರು ‘ಅಕ್ಕಿ ಕೊಡ’ ಅಂದ್ರ ಸಾಕು, ಎಲ್ಲಾರೂ ಅದ ಮಾತು ಅದ ದನಿಯಾಗ ಒದರ್ತಾರ. ಎಳೇ ಚುಕ್ಕಿ ಸುತ್ತ ನೀರಿನ ಹಬೀನೂ ಹಂಗ ಶಕ್ತಿ ತುಂಬ್ಕೊಂಡು ನಿಂತಿರ್ತೈತಿ. ಒಂದು ಸಣ್ಣ ಅಲಿ ತಾಗಿದ್ರ ಎಲ್ಲಾ ಕೂಡಿ ಒಂದ ರಾಗ ಎಳಿತಾವ. ಅದಕ್ಕ ಇಷ್ಟು ದೂರ ಗೊತ್ತಾಗ್ತೈತಿ.”

ತೋರಿಸಲೆಂದು ಅವಳೇ ‘ಅಕ್ಕಿ ಕೊಡ’ ಎಂದಳು. ಪಾಳಿಗೆ ಪಾಳಿಯೇ ಕೂಗಿದ ಅಬ್ಬರಕ್ಕೆ ಜ್ಯೋತಿಬಾನ ಕೈಯಿಂದ ಯಂತ್ರ ಜಾರಿ ಬಿತ್ತು.

ಮೇಡಂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕೆಲಸ ಸಿಕ್ಕಿತೆಂದೇ ಅಂಕುಶ ಹಿಗ್ಗಿ ಹೀರೇಕಾಯಿಯಾದ. ಅಷ್ಟರಲ್ಲಿ ಮೇಡಂ, ತಮಗೆ ಬೇಕಾಗಿದ್ದದ್ದು ಇಂಥವರೇ, ಕೆಲಸ ಆ ಅಮ್ಮನಿಗೇ ಎಂದು ಹೇಳಿ ಅವಳ ನಂಬರ್ ಕೇಳಿದರು. ಗಿರಿಜಾಬಾಯಿಯ ಹತ್ತಿರ ಫೋನೇ ಇರಲಿಲ್ಲ. ಅಂಕುಶನದ್ದನ್ನೇ ಬರೆದುಕೊಳ್ಳಲು ಹೇಳಿದಳು.

ಕರೆ ಮುಗಿದ ಮೇಲೆ ಅವಳು ಅವನ ಬೆನ್ನು ಸವರಿದಳು.

“ನಾಳಿ ಹತ್ತಕ್ಕ ಮತ್ತ ಫೋನ್ ಮಾಡ್ತಾರಂತ, ತಮ್ಮಾ. ದಿನಾ ದಿಬ್ಬ ಹತ್ತಾಕ ನನ್ನ ಮೊಣಕಾಲಿಗೆ ಆಗಂಗಿಲ್ಲ. ನಿನಗೇನು ಕೆಲಸ ಇಲ್ಲಲ್ಲ, ಬಂದು ಏನಂತಾರ ಕೇಳ್ಕೊಂಡು ಬಾ.”