ಗೇಣುದ್ದದ ಬನ್ನಿ

ಮರಗಳನ್ನು ನೋಡಿ ಮೆಚ್ಚುವ ಕಲೆ ನನಗೆ ಒಲಿದಿಲ್ಲ. ಯಾದಗಿರಿಯ ಬಿಸಿಲಲ್ಲಿ ಬೆಳೆದವನು ನಾನು. ಮರ ಕಂಡರೆ ಅದರ ಕೆಳಗೆ ಸ್ಕೂಟರ್ ನಿಲ್ಲಿಸಲು ಜಾಗವಿದೆಯೇ ಎಂದಷ್ಟೇ ನೋಡುತ್ತೇನೆ. ಸ್ಕೂಟರಿನ ಕನ್ನಡಿಗೂ ನೆರಳು ಕೊಡಲಾರದ ಮರಗಳನ್ನು ಜನ ಸಾಲುಗಟ್ಟಿ ನೋಡುವುದು ನನಗೆ ಸೋಜಿಗ. ನನ್ನ ಹೆಂಡತಿ ಮಹಾದೇವಿಗೆ ಮಾತ್ರ ಈ ಬೋನ್ಸಾಯ್ ಹುಚ್ಚು. ನಮ್ಮ ಮಾಳಿಗೆಯ ಮೇಲೆ ಆಲ, ಹುಣಸೆ, ಬೇವು ಎಲ್ಲವೂ ತಟ್ಟೆಯಂಥ ಕುಂಡಗಳಲ್ಲಿ ಬೆಳೆದು ನಿಂತಿವೆ. ಬೆಳೆದು ಎಂದರೆ, ಬೆಳೆಯದೆ. ಸುರಪುರದಿಂದ ಬಂದ ನಮ್ಮತ್ತೆ ಒಮ್ಮೆ ಅವನ್ನೆಲ್ಲ ನೋಡಿ, "ಪಾಪ, ಇವಕ್ಕ ಹೊಟ್ಟಿತುಂಬ ಹಾಕಂಗಿಲ್ಲೇನವ್ವ?" ಎಂದು ಮಗಳನ್ನು ಕೇಳಿ, ನನ್ನ ಕಡೆಗೂ ಅದೇ ಮರುಕದಿಂದ ನೋಡಿದ್ದರು.

ಎಲ್ಲಕ್ಕಿಂತ ಮಹಾದೇವಿಯ ಜೀವ ಇದ್ದದ್ದು ಒಂದು ಬನ್ನಿಗಿಡದ ಮೇಲೆ. ಗೇಣುದ್ದದ ಗಿಡ, ಮುದುಕರ ಮೊಣಕಾಲಿನಂಥ ಗಂಟುಗಂಟು ಬೊಡ್ಡೆ, ಮೇಲೆ ನವಿರಾದ ಹಸಿರು. ಬೀಜ ಹಾಕಿ ಬೆಳೆಸಿದವಳೇ ಅವಳು. ದಸರಾ ರಜೆಯಲ್ಲಿ ಊರಿನ ಸಭಾಂಗಣವೊಂದರಲ್ಲಿ ಬೋನ್ಸಾಯ್ ಪ್ರದರ್ಶನ ಏರ್ಪಾಡಾದಾಗ, ಮೊದಲ ಬಹುಮಾನ ಈ ಬನ್ನಿಗೇ ಎಂದು ಅವಳು ಯಾರಿಗೂ ಹೇಳಲಿಲ್ಲ, ನನಗೆ ಮಾತ್ರ ದಿನವೂ ಹೇಳಿದಳು. ಹೋದ ಸಲ ಅವಳ ಹುಣಸೆಗೆ ಸಮಾಧಾನಕರ ಬಹುಮಾನ ಬಂದು, ಅವಳಿಗೆ ಎಳ್ಳಷ್ಟೂ ಸಮಾಧಾನ ಆಗಿರಲಿಲ್ಲ. ಈ ಸಲ ತೀರ್ಪುಗಾರರು ಬರುವುದು ವಿಜಯದಶಮಿಯ ಸಂಜೆ ಎಂದು ಗೊತ್ತುಮಾಡಿದ್ದರು. ಗೊತ್ತುಮಾಡಿದವರು ಈ ಕಡೆಯವರಲ್ಲವೆಂದು ಕಾಣುತ್ತದೆ.

ಅಂದು ಮಧ್ಯಾಹ್ನ ಅವಳು ನನ್ನನ್ನು ಸಭಾಂಗಣದಲ್ಲಿ ಗಿಡದ ಪಕ್ಕದ ಕುರ್ಚಿಯಲ್ಲಿ ಕೂರಿಸಿ ಮನೆಗೆ ಹೊರಟಳು. "ಪೂಜಾ ಮುಗಿಸಿ ಬರ್ತೀನಿ. ನೀರು ಹಾಕಬ್ಯಾಡ್ರಿ, ಮುಟ್ಟಬ್ಯಾಡ್ರಿ. ಸುಮ್ನ ಕುಂದರೂದು ನಿಮಗ ಛಲೋ ಬರ್ತದ, ಅದನ್ನ ಮಾಡ್ರಿ." ಇದನ್ನು ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಮೊದಲು ಬಂದವರು ನಮ್ಮ ಓಣಿಯ ಹಿರಿಯರಾದ ಸಿದ್ದಣ್ಣ ಕಾಕಾ. ಆಲದ ಮುಂದೆ ನಿಂತು ನಕ್ಕರು, ಬೇವಿನ ಮುಂದೆ ತಲೆಯಾಡಿಸಿದರು, ಬನ್ನಿಯ ಮುಂದೆ ಬಂದವರೇ ಚಪ್ಪಲಿ ಬಿಟ್ಟರು. "ಊರ ಹೊರಗಿನ ಬನ್ನಿ ಗಿಡಕ್ಕ ಹೋಗಾಕ ಕಾಲು ಬರವಲ್ವು ಅಂತ ಚಿಂತಿ ಮಾಡಾಕತ್ತಿದ್ದೆ. ಗಿಡಾನ ಊರಾಗ ಬಂದದಲ್ಲೋ ತಮ್ಮ!" ಎಂದು ಕೈಮುಗಿದು, ನಾನು ಬಾಯಿ ತೆರೆಯುವಷ್ಟರಲ್ಲಿ ಒಂದು ಎಲೆಯೆಸಳು ಚಿವುಟಿ ನನ್ನ ಕೈಗಿಟ್ಟರು. "ಬನ್ನಿ ತಗೊಂಡು ಬಂಗಾರದಂಗ ಇರೂಣು."

ದಸರೆಯ ದಿನ ನಮ್ಮ ಕಡೆ ಬನ್ನಿ ಎಲೆಯೇ ಬಂಗಾರ; ಹಿರಿಯರು ಅದನ್ನು ಕೊಟ್ಟರೆ ಏನು ಮಾಡಬೇಕು? ನಾವೂ ಬನ್ನಿ ಕೊಟ್ಟು ಕಾಲು ಮುಟ್ಟಬೇಕು. ಅವರು ಕೊಟ್ಟದ್ದನ್ನೇ ತಿರುಗಿ ಕೊಟ್ಟರೆ ಬೇಡವೆಂದಂತೆ. ಅದನ್ನು ಜೇಬಿಗೆ ಹಾಕಿ, ಯಾರಿಗೂ ಕಾಣದಂತೆ ಹಿಂಬದಿಯಿಂದ ಒಂದು ಎಸಳು ಕಿತ್ತು ಕೊಟ್ಟೆ. ಆಮೇಲೆ ಪಕ್ಕದ ಮೇಜಿನ ಖಾದರ್ ಭಾಯ್ ಎದ್ದು ಬಂದರು. ಅವರದು ಕಾಯಿ ಬಿಟ್ಟ ನಿಂಬೆಗಿಡ. ಪ್ರತಿವರ್ಷ ಬನ್ನಿ ಕೊಟ್ಟು ತಗೊಳ್ಳುವ ಸ್ನೇಹ ನಮ್ಮದು, ಅವರಿಗೆ ಇಲ್ಲವೆನ್ನಲೇ? ನಮ್ಮನ್ನು ನೋಡಿದ ಜನ ಇದೇ ಇಲ್ಲಿನ ಏರ್ಪಾಡೆಂದು ತಿಳಿದು ಪಾಳಿ ಹಚ್ಚಿದರು; ಅವರು ಕಿತ್ತು ಕೊಟ್ಟದ್ದು ನನ್ನ ಜೇಬಿಗೆ, ನಾನು ಕಿತ್ತದ್ದು ಅವರ ಕೈಗೆ. "ಅರೆ, ಸಾಕ್ರೀ!" ಎಂದು ಒಮ್ಮೆ ಕೂಗಿಯೂ ಕೂಗಿದೆ. ಅಷ್ಟರಲ್ಲಿ ನಮ್ಮ ಆಫೀಸಿನ ಸಾಹೇಬರೇ ಬಂದುಬಿಟ್ಟರು. ಅವರಿಗೆ ತುದಿಯ ಚಿಗುರನ್ನು ನಾನೇ ಆರಿಸಿ ಕೊಟ್ಟೆ.

ಮಹಾದೇವಿ ಬಂದಾಗ ಮೇಜಿನ ಮೇಲೆ ಬೊಡ್ಡೆಯೂ ಮುಳ್ಳೂ ಇದ್ದವು. ಅವಳ ಬೆನ್ನಿಗೇ ಬಂದ ತೀರ್ಪುಗಾರರು ಒಂದು ನಿಮಿಷ ನಿಂತು, "ಒಣಗಿದ್ದನ್ನ ಯಾಕ್ರಿ ಇಟ್ಟೀರಿ?" ಎಂದು ಕೇಳಿ ಮುಂದೆ ನಡೆದರು. ಬಹುಮಾನ ನಿಂಬೆಗೆ ಬಂತು. ಖಾದರ್ ಭಾಯ್ ಮುಖ ಸಣ್ಣದು ಮಾಡಿಕೊಂಡು, "ಮಾಫ್ ಮಾಡ್ರಿ ಭಾಭಿ, ನಾನೂ ಒಂದು ಹರದೀನಿ" ಎಂದರು. "ನಿಮ್ಮದೇನದರಿ ಭಾಯ್, ನಮ್ಮವರದು ದೊಡ್ಡ ಕೈ" ಎಂದಳು ಅವಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳ ಕಣ್ಣು ತುಂಬಿದ್ದು ಕಂಡು, ನನಗೆ ನನ್ನ ಮೇಲೇ ಸಿಟ್ಟು ಬಂತು.

ಮನೆಗೆ ಬಂದು ಅವಳು ಕುಂಡವನ್ನು ಮಾಳಿಗೆಯ ಮೇಲಿಟ್ಟಳು. ಆಮೇಲೆ, "ಊರಿಗೆಲ್ಲ ಬನ್ನಿ ಕೊಟ್ಟು ಬಂದ್ರಿ. ನನಗ?" ಎಂದು ಅಂಗೈ ಚಾಚಿದಳು. ಗಿಡದಲ್ಲಿ ಒಂದೆಸಳೂ ಇರಲಿಲ್ಲ. ಜೇಬಿಗೆ ಕೈಹಾಕಿ, ಇದ್ದ ಬಾಡಿದ ಎಸಳುಗಳನ್ನೆಲ್ಲ ಬಾಚಿ ಅವಳ ಕೈತುಂಬ ಹಾಕಿದೆ. ಅವಳ ಗಿಡವನ್ನು ಅವಳಿಗೇ ಕೊಟ್ಟು, "ಬಂಗಾರದಂಗ ಇರೂಣು" ಎಂದೆ.

ಅವಳು ಅವನ್ನು ಗಿಡದ ಬುಡಕ್ಕೆ ಉದುರಿಸಿ, ಸಡಿಲಾಗಿದ್ದ ರೆಂಬೆಯೊಂದಕ್ಕೆ ತಾಮ್ರದ ತಂತಿ ಸುತ್ತತೊಡಗಿದಳು. "ಇದು ಮತ್ತ ಚಿಗುರತದ ಬಿಡ್ರಿ. ತಂತಿ ಸುತ್ತಿದ್ರ ಗಿಡ ಹೇಳಿದಂಗ ಕೇಳತದ. ನಿಮಗ ಎಲ್ಲಿ ಸುತ್ತಲಿ?"

ನಾನು ಎರಡೂ ಕೈಗಳನ್ನು ಜೇಬಿಗೆ ಸೇರಿಸಿದೆ. ಅವಳ ಕೈಯಲ್ಲಿ ಇನ್ನೂ ಸಾಕಷ್ಟು ತಂತಿ ಉಳಿದಿತ್ತು.