ದೊಡ್ಡಪ್ಪ ಒಪ್ಪಿಕೊಂಡ ಪಾಪಗಳು

ಊರಿನ ಪಾಪವನ್ನೆಲ್ಲ ತಾನೊಬ್ಬನೇ ಒಪ್ಪಿಕೊಂಡ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ, ಅಷ್ಟೇ ಅಲ್ಲ, ಅವರ ಜೊತೆ ಒಂದೇ ಮನೆಯಲ್ಲಿ ಬಾಳಿದ್ದೇನೆ. ಅವರು ನಮ್ಮ ದೊಡ್ಡಪ್ಪ. ಚಿತ್ರದುರ್ಗದ ಪೇಟೆಯಲ್ಲಿ ಧಾನ್ಯದ ಅಂಗಡಿ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ಮಾಡಿದ ಪಾಪ ಅಷ್ಟಕ್ಕಷ್ಟೆ. ಒಪ್ಪಿಕೊಂಡದ್ದು ಮಾತ್ರ ಗಾಡಿಗಟ್ಟಲೆ!

ಇದಕ್ಕೆಲ್ಲ ಕಾರಣ, ಸಂತೆಯಲ್ಲಿ ಪಾದ್ರಿಗಳ ಕಡೆಯವನಿಂದ ಅವರು ಕೊಂಡು ತಂದ ಯೆಹೂದ್ಯರ ಹಳೆಯ ಶಾಸ್ತ್ರ. "ಜಾತಿ ಬಿಡ್ತೀರೇನ್ರಿ?" ಎಂದು ದೊಡ್ಡಮ್ಮ ದಿಗಿಲುಬಿದ್ದರು. "ಓದಾಕೆ ಜಾತಿ ಯಾಕೆ ಬಿಡಬೇಕು? ಕನ್ನಡಕ ಇದ್ರೆ ಸಾಕು" ಎಂದರು ದೊಡ್ಡಪ್ಪ.

ಅದರಲ್ಲಿ, ಪರರಾಜನ ಚಾಕರಿಗಿದ್ದ ಒಬ್ಬನ ಕಥೆ ಅವರನ್ನು ಹಿಡಿದುಬಿಟ್ಟಿತು. ತನ್ನೂರಿನ ಕೋಟೆಗೋಡೆ ಬಿದ್ದಿದೆ ಎಂದು ಕೇಳಿ ಅವನು ಕೂತು ಅಳುತ್ತಾನಂತೆ. "ನಮ್ಮ ಕೋಟೆ ಗೋಡೆ ಬಿದ್ರೆ ನಾವು ಆ ಕಲ್ಲು ತಂದು ಹಿತ್ತಿಲಿಗೆ ಪಾಯ ಹಾಕೀವಿ. ಒಬ್ಬರಾದ್ರೂ ಅತ್ತೀವಾ?" ಎಂದು ದೊಡ್ಡಪ್ಪ ಊಟದ ನಡುವೆ ಕೇಳಿದರು. ನಾವು ಮುದ್ದೆ ನುಂಗಿದೆವು, ಅಳಲಿಲ್ಲ.

ಅತ್ತಾದ ಮೇಲೆ ಆ ಮನುಷ್ಯ, ತಾನೂ ತನ್ನ ಮನೆತನವೂ ತಪ್ಪು ಮಾಡಿದೆವೆಂದು ಎಲ್ಲರ ಪರವಾಗಿ ಒಪ್ಪಿಕೊಳ್ಳುತ್ತಾನೆ. ಆಮೇಲೆ ದೇವರು ಹಿಂದೆ ಕೊಟ್ಟಿದ್ದ ಮಾತನ್ನು ದೇವರಿಗೇ ನೆನಪು ಮಾಡುತ್ತಾನೆ. ನೀವು ನನ್ನ ಕಡೆ ತಿರುಗಿದರೆ, ಆಕಾಶದ ಅಂಚಿಗೆ ಚದುರಿದವರನ್ನೂ ಕೂಡಿಸಿ ತರುತ್ತೇನೆ ಎಂದಿದ್ದೆಯಲ್ಲ ಎಂದು. ಈ ಜಾಗಕ್ಕೆ ಬಂದಾಗ ದೊಡ್ಡಪ್ಪ ಓದು ನಿಲ್ಲಿಸಿ ಕನ್ನಡಕ ತೆಗೆದು ಒರೆಸುತ್ತಿದ್ದರು.

ಯಾಕೆಂದು ನಮಗೆಲ್ಲ ಗೊತ್ತಿತ್ತು. ಅವರ ಒಬ್ಬಳೇ ಮಗಳು, ನಮ್ಮಕ್ಕ, ಗಂಡ ಸತ್ತ ಮೇಲೆ ಬೇರೆ ಜಾತಿಯ ಶಾಲೆ ಮೇಷ್ಟರ ಕೈಹಿಡಿದು ಐಮಂಗಲ ಸೇರಿದ್ದಳು. ಒಮ್ಮೆ ಬಂದು ನಮ್ಮ ಜಗುಲಿಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದಳು. ಬಾಗಿಲು ತೆಗೆಯಲಿಲ್ಲ. ಎದ್ದು ಹೋದಳು.

ಈಗ ದೊಡ್ಡಪ್ಪ ದಿನಾ ಲಿಂಗಪೂಜೆ ಮುಗಿಸಿ, ಅದೇ ಜಗುಲಿಯ ಮೇಲೆ ಐಮಂಗಲಕ್ಕೆ ಹೋಗುವ ಹಿರಿಯೂರಿನ ದಾರಿ ಕಡೆ ಮುಖ ಮಾಡಿ ಕೂತು, ಬೀದಿಗೆಲ್ಲ ಕೇಳುವ ಹಾಗೆ ಶುರು ಮಾಡುತ್ತಿದ್ದರು.

"ಶಿವನೇ, ನಾವು ನೆಂಟರ ಮಜ್ಜಿಗೆಗೆ ನೀರು ಸುರಿದ್ವಿ."

ಒಳಗಿನಿಂದ ದೊಡ್ಡಮ್ಮ: "ನಾವು ಅಂದ್ರೆ ಯಾರ್ರಿ? ಮಜ್ಜಿಗೆ ಗಡಿಗೆ ಯಾವತ್ತು ಮುಟ್ಟಿದ್ರಿ ನೀವು?"

ಮರುದಿನ: "ಶಿವನೇ, ನಾವು ಅಳೆಯೋ ಸೇರಿನ ತಳ ಒಳಕ್ಕೆ ತಟ್ಟಿದ್ವಿ."

ಪಕ್ಕದಂಗಡಿಯವನು ಓಡಿಬಂದ. "ಯಜಮಾನ್ರೇ, ಗಿರಾಕಿಗಳು ನನ್ನ ಸೇರು ತಿರುವಿ ನೋಡ್ತಾವ್ರೆ. ನಿಮ್ಮ ಪಾಪ ನೀವು ಹೇಳ್ಕಳ್ರಿ."

"ನಿನ್ನ ಹೆಸರು ಹೇಳಿದ್ನೇನಪ್ಪ? ಅರ್ಧ ನಾನು ಹೊತ್ಕಂಡೀನಿ. ಹಗುರ ಆಗಲಿಲ್ವಾ?"

ಆ ವಾರವೇ ಅವನ ಅಂಗಡಿಗೆ ಹೊಸ ಸೇರು ಬಂತು.

ದೂರು ಮಠಕ್ಕೆ ಹೋಯಿತು. "ನಮ್ಮ ಮುಂದೂ ಒಂದು ಹೇಳ್ರಿ, ಕೇಳಾಣ" ಎಂದರು ಸ್ವಾಮಿಗಳು. ದೊಡ್ಡಪ್ಪ ಕೈಮುಗಿದು, "ನಾವು ದಾಸೋಹದ ತುಪ್ಪ ಮೊದಲ ಪಂಕ್ತಿಗೇ ಮುಗಿಸಿದ್ವಿ" ಎಂದರು. ಸ್ವಾಮಿಗಳು ನಕ್ಕು ಕಳಿಸಿಕೊಟ್ಟರು. ಮುಂದಿನ ಸೋಮವಾರ ಕಡೇ ಪಂಕ್ತಿಗೂ ತುಪ್ಪ ಬಂತೆನ್ನಿ.

ಇಷ್ಟೆಲ್ಲ ಒಪ್ಪಿಕೊಂಡವರಿಗೆ ಒಂದು ಮಾತು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. "ಶಿವನೇ, ಈ ಜಗುಲಿ ಮೇಲೆ ನಾವು..." ಅಷ್ಟರಲ್ಲೇ ಕೆಮ್ಮು. ಆಮೇಲೆ ಎದುರುಮನೆಯ ಕುಂಬಳಕಾಯಿ ಕದ್ದೆವೆಂದು ಒಪ್ಪಿಕೊಂಡು ಎದ್ದುಬಿಡುತ್ತಿದ್ದರು. ಅಯ್ಯೋ, ಒಬ್ಬ ಮನುಷ್ಯ ಎಷ್ಟು ಕುಂಬಳಕಾಯಿ ಕದಿಯಬೇಕು? ನಾವು ನಗುತ್ತಿದ್ದೆವು. ನಕ್ಕು ಮುಗಿದ ಮೇಲೆ ಅಕ್ಕನ ನೆನಪಾಗುತ್ತಿತ್ತು.

ಒಂದು ಬೆಳಿಗ್ಗೆ ಕೆಮ್ಮು ಬರಲಿಲ್ಲ.

"ಶಿವನೇ, ಈ ಜಗುಲಿ ಮೇಲೆ ಕುಂತಿದ್ದ ಮಗಳಿಗೆ ನಾವು ಬಾಗಿಲು ತೆಗೀಲಿಲ್ಲ. ಕುಡಿಯಾಕೆ ನೀರೂ ಕೊಡ್ಲಿಲ್ಲ."

ನಾವು ಅಂದ್ರೆ ಯಾರ್ರಿ ಎಂದು ದೊಡ್ಡಮ್ಮ ಈಗ ಕೇಳುತ್ತಾರೆ ಎಂದು ನಾನು ಕಾದೆ. ಕೇಳಲಿಲ್ಲ. ಹಿಟ್ಟಿನ ಕೈ ಸೆರಗಿಗೆ ಒರೆಸುತ್ತ ಹೊರಗೆ ಬಂದರು. ಬೀದಿಯವರೆಲ್ಲ ನೋಡುತ್ತಿದ್ದಂತೆ ಗಂಡನ ಪಕ್ಕದಲ್ಲೇ ಕೂತರು.

"ಅಗುಳಿ ಹಾಕಿದ್ದು ನಾನು" ಎಂದರು. ಆಮೇಲೆ ಹಿರಿಯೂರಿನ ದಾರಿ ಕಡೆ ಕೈ ತೋರಿಸಿ, "ಆಕಾಶದ ಅಂಚು ಅಂತ ಓದ್ತೀರಲ್ಲ, ಐಮಂಗಲ ಅಷ್ಟು ದೂರ ಇಲ್ಲ. ಗಾಡಿ ಕಟ್ಟಿಸ್ರಿ, ಹೋಗಾಣ."

ಗಾಡಿ ಹೊಡೆದವನು ನಾನು. ಐಮಂಗಲದ ಮನೆಗಳು ಕಂಡಾಗ ದೊಡ್ಡಮ್ಮ ಮೆಲ್ಲಗೆ ಕೇಳಿದರು:

"ಅವಳು ಬಾಗಿಲು ತೆಗೀದಿದ್ರೆ?"

"ಅವಳ ಮನೆಗೂ ಜಗುಲಿ ಇರ್ತೈತಲ್ಲ" ಎಂದರು ದೊಡ್ಡಪ್ಪ. "ಅವಳು ಕುಂತಷ್ಟು ಹೊತ್ತು ನಾವೂ ಕುಂತ್ಕಳಾಣ."